ಓಮ್ನಿ ಸಿಲ್ ತುಕ್ಕಿಗೆ ಪುಟ್ಟಿ ಸಾಲದು

ಕಲಬುರಗಿಯಲ್ಲಿರೋ ನಿಮ್ಮ 2004ರ ಮಾರುತಿ ಓಮ್ನಿ ವ್ಯಾನಿಗೆ ಸ್ಲೈಡಿಂಗ್ ಬಾಗಿಲ ಕೆಳಗಿನ ಸಿಲ್ (ಬಾಡಿಯ ಟೊಳ್ಳು ತಗಡಿನ ಪಟ್ಟಿ) ತುಕ್ಕು ಹಿಡಿದು ತೂತಾಗಿದೆ, ಪುಟ್ಟಿ ತುಂಬಿದ್ರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಆ ತುಕ್ಕು ಒಳಗಿನಿಂದ ಬಂದದ್ದು. ನಮ್ಮ ಎರೆಮಣ್ಣು ನೀರಿಳಿಯುವ ತೂತುಗಳಲ್ಲಿ ಕೂತು ಬೇಸಿಗೆಯಲ್ಲಿ ಇಟ್ಟಿಗೆಯಂತಾಗುತ್ತದೆ, ಮಳೆಗಾಲದಲ್ಲಿ ತೇವ ಹಿಡಿದಿಡುತ್ತದೆ.

ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಬೇಕು. ಕಿಡಿ ಹಾರುವ ಕೆಲಸ, ಹಾಗಾಗಿ ಮೊದಲು ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ. ಗ್ಯಾಸ್ ಕಿಟ್ ಇದ್ದರೆ ಸಿಲಿಂಡರನ್ನೂ ದೂರ ಇಡಿ. ಇದರಲ್ಲಿ ದಯವಿಟ್ಟು ರಾಜಿ ಬೇಡ. ಸ್ಕ್ರೂಡ್ರೈವರ್‌ನಿಂದ ಚುಚ್ಚುತ್ತಾ ಹೋಗಿ: ಪುಸಕ್ಕನೆ ಒಳಗೆ ಹೋದರೆ ಸತ್ತ ತಗಡು, ಟಣ್ ಅಂದರೆ ಗಟ್ಟಿ. ಗಟ್ಟಿ ಸಿಕ್ಕ ಮೇಲೂ ಎರಡು ಬೆರಳು ಮುಂದಕ್ಕೇ ಕತ್ತರಿಸಿ. ಅದಕ್ಕೂ ಮುನ್ನ ಬಾಗಿಲ ಚೌಕಟ್ಟಿಗೆ ಅಡ್ಡಪಟ್ಟಿ ಬಿಗಿಯಿರಿ, ಇಲ್ಲದಿದ್ದರೆ ಬಾಡಿ ಜಗ್ಗಿ ಬಾಗಿಲು ಮತ್ತೆ ಕೂರುವುದಿಲ್ಲ.

ಕತ್ತರಿಸಿದ ಜಾಗಕ್ಕೆ 1 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್ ಉಕ್ಕಿನ) ತಗಡು, ಮಿಗ್‌ನಲ್ಲಿ (ತಂತಿ ತಾನಾಗಿ ಬರುವ ಗ್ಯಾಸ್ ವೆಲ್ಡಿಂಗ್ ಯಂತ್ರ) 0.8 ಮಿ.ಮೀ. ತಂತಿ. ಕಡ್ಡಿ ವೆಲ್ಡಿಂಗ್ ತಗಡನ್ನೇ ಸುಟ್ಟು ತೂತು ಮಾಡುತ್ತದೆ. 25–30 ಮಿ.ಮೀ.ಗೊಂದು ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್), ಆ ತುದಿ ಒಂದು ಈ ತುದಿ ಒಂದು. ಒಂದೇ ಉಸಿರಿಗೆ ಎಳೆದರೆ ತಗಡು ಅಲೆಯಾಗುತ್ತದೆ.

ನಂತರ ಜಿಂಕ್ ಪ್ರೈಮರ್, ಜೋಡಣೆಯ ಸಂದು ಮುಚ್ಚುವ ಸೀಮ್ ಸೀಲರ್. ಬಣ್ಣವನ್ನು ಬೆಳಗ್ಗೆಯೇ ಹೊಡೆಯಿರಿ. ಮೇ ಮಧ್ಯಾಹ್ನದ ಬಿಸಿಲಿಗೆ ಥಿನ್ನರ್ ಹಾರಿ ಮೈ ಒರಟಾಗುತ್ತದೆ. ಕೊನೆಗೆ ಸಿಲ್ ಒಳಗೆ ತುಕ್ಕು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ, ನೀರಿನ ತೂತುಗಳಲ್ಲಿ ತಂತಿ ಆಡಿಸಿ ತೆರೆದಿವೆಯೇ ನೋಡಿ.