ನಿಮ್ಮ ಲೇಖನದಲ್ಲಿ ಜೂನ್ ತಿಂಗಳೇ ಇಲ್ಲ

ನಮಸ್ಕಾರ,

ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡದ ಪಿಚರ್ ಯೋಹಾನ್ ಸಂಟಾನಾ ಅವರ ನೋ-ಹಿಟ್ಟರ್ ಬಗ್ಗೆ ನೀವು ಕಳಿಸಿದ ಲೇಖನ ನಿನ್ನೆ ರಾತ್ರಿ ಓದಿದೆ. ಇವತ್ತು ಬೆಳಗ್ಗೆ ಮತ್ತೆ ಓದಿದೆ. ಸಿಟ್ಟು ಕಡಿಮೆ ಆಗಲಿಲ್ಲ. ಅದಕ್ಕೇ ಒಂದು ಸಾಲಿನ ಉತ್ತರ ಕಳಿಸಿ ಕೈತೊಳೆದುಕೊಳ್ಳದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಚೆನ್ನಾಗಿರುವುದನ್ನು ಮೊದಲು ಹೇಳುತ್ತೇನೆ. ನೋ-ಹಿಟ್ಟರ್ ಅಂದರೆ ಒಂಬತ್ತು ಇನ್ನಿಂಗ್ಸ್ ಪೂರ್ತಿ ಎದುರಾಳಿಗೆ ಒಂದೂ ಹಿಟ್ ಸಿಗಬಾರದು, ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆಯಾಗಿ ಸಿಗುವ ಬೇಸ್) ಸಿಕ್ಕರೆ ಪರವಾಗಿಲ್ಲ ಅಂತ ಬೇಸ್‌ಬಾಲ್ ನೋಡದವರಿಗೂ ಅರ್ಥವಾಗುವ ಹಾಗೆ ಬರೆದಿದ್ದೀರಿ. ಸಂಟಾನಾ ಅವರ ತಂಡದ ಮೈಕ್ ಬ್ಯಾಕ್ಸ್‌ಟರ್ ಏಳನೇ ಇನ್ನಿಂಗ್ಸ್‌ನಲ್ಲಿ ಗೋಡೆಗೆ ಗುದ್ದಿಕೊಂಡು ಕ್ಯಾಚ್ ಹಿಡಿಯುವ ಪ್ಯಾರಾ ಹಾಗೇ ಇರಲಿ, ಮುಟ್ಟಬೇಡಿ.

ಇನ್ನು ನನ್ನ ತಕರಾರು. ಮೂರನೇ ಪುಟದಲ್ಲಿ ಹೀಗಿದೆ: "ಆ 134 ಎಸೆತಗಳು ಸಂಟಾನಾ ಅವರ ಭುಜವನ್ನು ಬಲಿ ತೆಗೆದುಕೊಂಡವು."

ಯಾರು ಹೇಳಿದ್ದು? 2010ರ ಸೆಪ್ಟೆಂಬರ್‌ನಲ್ಲಿ ಆ ಭುಜಕ್ಕೆ ಆಪರೇಷನ್ ಆಗಿತ್ತು. 2011ರ ಸೀಸನ್ ಪೂರ್ತಿ ಅವರು ಆಡಲಿಲ್ಲ. 2012ರ ಜೂನ್ 1ಕ್ಕೆ 134 ಎಸೆತ, ಅವರ ಜೀವನದಲ್ಲೇ ಅತಿ ಹೆಚ್ಚು. 2013ರ ಏಪ್ರಿಲ್‌ನಲ್ಲಿ ಅದೇ ಭುಜಕ್ಕೆ ಎರಡನೇ ಆಪರೇಷನ್. ಇಷ್ಟು ನಿಜ. ಇವುಗಳ ನಡುವೆ ಗೆರೆ ಎಳೆದು ಜೋಡಿಸಿದವರು ನೀವು. ಆ ರಾತ್ರಿ ಹಾನಿ ಆಗಿರಬಹುದು, ನನಗೂ ಆ ಗುಮಾನಿ ಇದೆ. ಆದರೆ ಗುಮಾನಿಯನ್ನು ಗುಮಾನಿ ಅಂತಲೇ ಬರೆಯಬೇಕು, ಅಲ್ವಾ?

ಮುಂದಿನ ಸಾಲು ಇನ್ನೂ ಕೆಟ್ಟದ್ದು: "ಆ ರಾತ್ರಿಯ ನಂತರ ಅವರಿಂದ ಒಂದೂ ಒಳ್ಳೆಯ ಆಟ ಬರಲಿಲ್ಲ." ಇದು ಸುಳ್ಳು. ಜೂನ್ 8ಕ್ಕೆ ಯಾಂಕೀಸ್ ತಂಡ ಅವರ ಎಸೆತಗಳಿಗೆ ನಾಲ್ಕು ಹೋಮ್ ರನ್ ಬಾರಿಸಿದ್ದು ಹೌದು, ಅದನ್ನು ನೀವು ರಸವತ್ತಾಗಿ ಬರೆದಿದ್ದೀರಿ. ಆದರೆ ಜೂನ್ 30ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಡಾಜರ್ಸ್ ವಿರುದ್ಧ ಇದೇ ಸಂಟಾನಾ ಎಂಟು ಇನ್ನಿಂಗ್ಸ್ ಎಸೆದು ಒಂದೂ ರನ್ ಕೊಡಲಿಲ್ಲ. ಜುಲೈ 6ರ ಪಂದ್ಯದಲ್ಲಿ ಎದುರಾಳಿ ಓಟಗಾರನ ಕಾಲು ತಗುಲಿ ಅವರ ಕಣಕಾಲು ಉಳುಕಿತು. ಆಟ ಪೂರ್ತಿ ಹದಗೆಟ್ಟಿದ್ದು ಆಮೇಲೆ. ಆಗಸ್ಟ್ 17ಕ್ಕೆ ಅವರ ಕೊನೆಯ ಪಂದ್ಯ. ನೋ-ಹಿಟ್ಟರ್ ನಂತರದ ಹತ್ತು ಪಂದ್ಯಗಳಲ್ಲಿ ಅವರ ಸರಾಸರಿ (ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್) 8.27 ಅಂತ ಬರೆದಿದ್ದೀರಿ, ಅದು ಸರಿ. ಆದರೆ ಸರಾಸರಿಯ ಒಳಗೆ ಡಾಜರ್ಸ್ ಪಂದ್ಯವೂ ಇದೆ, ಕಣಕಾಲೂ ಇದೆ. ಎರಡೂ ನಿಮ್ಮ ಕತೆಗೆ ಅಡ್ಡ ಬರುತ್ತಿದ್ದವು, ಬಿಟ್ಟುಬಿಟ್ಟಿರಿ. ನನಗೆ ಸಿಟ್ಟು ಬಂದದ್ದು ಇಲ್ಲಿ.

ನಾನು ಕೆಲಸ ಕಲಿತದ್ದು ಬೆಂಗಳೂರಿನ ಒಂದು ಪತ್ರಿಕೆಯ ಕ್ರೀಡಾ ಡೆಸ್ಕ್‌ನಲ್ಲಿ. 1997ರಲ್ಲಿ ಜಾವಗಲ್ ಶ್ರೀನಾಥ್ ಅವರ ಭುಜಕ್ಕೆ ಆಪರೇಷನ್ ಆಯಿತು. ಡೆಸ್ಕ್‌ನಲ್ಲಿದ್ದ ಹುಡುಗರಿಗೆಲ್ಲ ಒಂದೇ ಉತ್ಸಾಹ, ದುಡಿಸಿ ದುಡಿಸಿ ಮುಗಿಸಿಬಿಟ್ಟರು ಅಂತ ಬರೆಯುವುದು. ನಮ್ಮ ಹಿರಿಯ ಉಪಸಂಪಾದಕರು ಪ್ರತಿ ಸಾಲಿನ ಕೆಳಗೂ ಪೆನ್ಸಿಲ್ ಇಟ್ಟು, "ಇದು ಡಾಕ್ಟರ್ ಹೇಳಿದ್ದೋ ನೀನು ಹೇಳಿದ್ದೋ?" ಅಂತ ಕೇಳುತ್ತಿದ್ದರು. ನಾವು ಹೇಳಿದ್ದಾದರೆ ಹೊಡೆದುಹಾಕುತ್ತಿದ್ದರು. ಅದೇ ಶ್ರೀನಾಥ್ 2003ರ ವಿಶ್ವಕಪ್ ಫೈನಲ್‌ವರೆಗೂ ಆಡಿದರು. ಅವರಿಗೆ ಇನ್ನೊಂದು ಅಭ್ಯಾಸವಿತ್ತು, ಆ ಉಪಸಂಪಾದಕರಿಗೆ. ಪಂದ್ಯದ ವರದಿ ತಿದ್ದುವಾಗ ಸ್ಕೋರ್ ಶೀಟಿನ ಕೆಳಗಿನ ಭಾಗವನ್ನು ಅಡಿಪಟ್ಟಿಯಿಂದ ಮುಚ್ಚಿಬಿಡುತ್ತಿದ್ದರು. ನಲವತ್ತನೇ ಓವರ್‌ನಲ್ಲಿ ಕ್ಯಾಪ್ಟನ್ ಯಾಕೆ ಹಾಗೆ ಮಾಡಿದ ಅಂತ ಬರೆಯುತ್ತಿದ್ದೀಯಾ, ಹಾಗಾದರೆ ನಿನಗೂ ನಲವತ್ತು ಓವರ್‌ವರೆಗೆ ಮಾತ್ರ ಗೊತ್ತಿರಲಿ ಅನ್ನುತ್ತಿದ್ದರು. ಆಗ ನಮಗೆ ರೇಗುತ್ತಿತ್ತು. ಈಗ ನನ್ನ ಮೇಜಿನ ಮೇಲೂ ಒಂದು ಅಡಿಪಟ್ಟಿ ಇದೆ.

ನಿಮ್ಮ ಲೇಖನಕ್ಕೂ ಅದನ್ನೇ ಮಾಡಿ ನೋಡಿದೆ. "ಎಂಟನೇ ಇನ್ನಿಂಗ್ಸ್‌ಗೆ ನಡೆದುಹೋಗುವಾಗಲೇ ಅವರ ವೃತ್ತಿಜೀವನ ಮುಗಿದಿತ್ತು. ಮ್ಯಾನೇಜರ್ ಟೆರಿ ಕಾಲಿನ್ಸ್ ಸುಮ್ನೆ ನೋಡುತ್ತಾ ಕೂತಿದ್ದರು." ಕೂತಿರಲಿಲ್ಲ. ಪಂದ್ಯಕ್ಕೆ ಮುಂಚೆಯೇ ಅವರು 110ರಿಂದ 115 ಎಸೆತ ಸಾಕು ಅಂತ ಮಿತಿ ಹಾಕಿಕೊಂಡಿದ್ದರು. ಸಂಟಾನಾ ಇಳಿಯಲು ಒಪ್ಪಲಿಲ್ಲ. ಮೆಟ್ಸ್ ತಂಡ ಹುಟ್ಟಿದ್ದು 1962ರಲ್ಲಿ, ಆ ರಾತ್ರಿಯದು ಅದರ 8,020ನೇ ಪಂದ್ಯ, ಅಲ್ಲಿಯವರೆಗೆ ಒಂದೂ ನೋ-ಹಿಟ್ಟರ್ ಇರಲಿಲ್ಲ. ಅಲ್ಲೇ ಶುರು ಮಾಡಿದ ನೋಲನ್ ರಯಾನ್ ಕೂಡ ಬೇರೆ ತಂಡಗಳಿಗೆ ಹೋಗಿ ಏಳು ನೋ-ಹಿಟ್ಟರ್ ಎಸೆದರು. ಇಡೀ ಸ್ಟೇಡಿಯಂ ಎದ್ದು ನಿಂತಿದೆ, ಒಬ್ಬ ಮನುಷ್ಯ ತಾನೇ ಹಾಕಿದ ಗೆರೆಯನ್ನು ತಾನೇ ದಾಟಬೇಕೋ ಬೇಡವೋ ಅಂತ ಒದ್ದಾಡುತ್ತಿದ್ದಾನೆ. ಗೆದ್ದಮೇಲೂ, ಐದು ದಿನ ಬಿಟ್ಟು ಆ ಕೈ ನೋಯುತ್ತದೋ ಏನೋ ಅನ್ನುವ ಚಿಂತೆಯನ್ನೇ ಅವರು ಹೇಳಿಕೊಂಡರು. ಇಂಥವರನ್ನು ನೀವು ಸುಮ್ಮನೆ ಕೂರಿಸಿದ್ದೀರಿ!

ನನ್ನನ್ನು ಕೇಳಿದರೆ, ಕಾಲಿನ್ಸ್ ಮಾಡಿದ್ದು ತಪ್ಪು. ಅದನ್ನು ಹೇಳಲು ನಮಗೆ ಆಗಸ್ಟ್ ಬೇಕಿಲ್ಲ, 2013 ಬೇಕಿಲ್ಲ. ತಲೆ ತಣ್ಣಗಿದ್ದಾಗ ಹಾಕಿದ ಮಿತಿ ಇರುವುದೇ ತಲೆ ಬಿಸಿಯಾದಾಗ ಕಾಯಲಿ ಅಂತ. ಅದನ್ನು ಮುರಿದರು, ಅಷ್ಟೇ ಸಾಕು. ಸಂಟಾನಾ ಇನ್ನೂ ಐದು ವರ್ಷ ಚೆನ್ನಾಗಿ ಆಡಿದ್ದರೂ ಆ ರಾತ್ರಿಯ ನಿರ್ಧಾರ ಅಷ್ಟೇ ತಪ್ಪಾಗಿರುತ್ತಿತ್ತು. ನಿಮ್ಮ ವಾದಕ್ಕೆ ಬೇಕಾಗಿದ್ದ ಬಲ ಇದೇ, ಅದನ್ನು ಬಿಟ್ಟು ಕಣ್ಣೀರಿನ ಹಿಂದೆ ಹೋದಿರಿ.

ಹಾಗೆ ಹೋದದ್ದಕ್ಕೇ ಕೊನೆಯ ಪುಟದಲ್ಲಿ ಎಡವಿದ್ದೀರಿ. 2022ರ ಏಪ್ರಿಲ್ 13, ಮಿನಿಯಾಪೊಲಿಸ್, ಕೊರೆಯುವ ಚಳಿ. ಡಾಜರ್ಸ್ ಪಿಚರ್ ಕ್ಲೇಟನ್ ಕರ್ಶಾ ಏಳು ಇನ್ನಿಂಗ್ಸ್‌ನಲ್ಲಿ 80 ಎಸೆತ ಎಸೆದಿದ್ದಾರೆ, ಬಂದ 21 ಜನರನ್ನೂ ವಾಪಸ್ ಕಳಿಸಿದ್ದಾರೆ, ಅದರಲ್ಲಿ 13 ಸ್ಟ್ರೈಕ್‌ಔಟ್. ಹಿಟ್ ಹಾಗಿರಲಿ, ಒಂದು ವಾಕ್ ಕೂಡ ಇಲ್ಲ. ಮ್ಯಾನೇಜರ್ ಡೇವ್ ರಾಬರ್ಟ್ಸ್ ಅವರನ್ನು ಇಳಿಸಿದರು. ನೀವು ಬರೆದದ್ದು: "ರಾಬರ್ಟ್ಸ್‌ಗೆ ಧೈರ್ಯ ಸಾಲಲಿಲ್ಲ." ಎರಡು ಪುಟ ಹಿಂದೆ ಇಳಿಸಲಿಲ್ಲ ಅಂತ ಕಾಲಿನ್ಸ್‌ಗೆ ಬೈದವರೂ ನೀವೇ! ಹಿಂದಿನ ಸೀಸನ್ನಿನ ಕೊನೆಯಲ್ಲಿ ಕರ್ಶಾ ಮುಂಗೈ ನೋವಿನಿಂದ ಪ್ಲೇಆಫ್ ಪೂರ್ತಿ ಆಡಿರಲಿಲ್ಲ. ತಂಡಗಳ ಮಾಲೀಕರು ಆಟಗಾರರಿಗೆ ಬಾಗಿಲು ಹಾಕಿದ ಲಾಕ್‌ಔಟ್‌ನಿಂದ ಆ ವರ್ಷ ಅಭ್ಯಾಸದ ದಿನಗಳು ಕಡಿಮೆಯಾಗಿದ್ದವು. ಅದು ಅವರ ಸೀಸನ್ನಿನ ಮೊದಲ ಪಂದ್ಯ. ಸ್ವತಃ ಕರ್ಶಾ ಆ ನಿರ್ಧಾರ ಸರಿ ಅಂದರು. ಇವು ಯಾವುವೂ ನಿಮ್ಮ ಲೇಖನದಲ್ಲಿಲ್ಲ. ಅದೇ ಜುಲೈನಲ್ಲಿ ಅವರು ಆಲ್‌ಸ್ಟಾರ್ ಪಂದ್ಯವನ್ನು ಶುರು ಮಾಡಿದರು ಅನ್ನುವುದನ್ನು ಸೇರಿಸುವ ಆಸೆ ಆಗಬಹುದು, ಬೇಡ. ಅದೂ ಆಮೇಲಿನ ಮಾತೇ. ರಾಬರ್ಟ್ಸ್ ಸರಿ ಅನ್ನಲು ಆ ಸಂಜೆ ಗೊತ್ತಿದ್ದಷ್ಟೇ ಸಾಕು.

ಉಳಿದ ಸಣ್ಣಪುಟ್ಟ ತಪ್ಪು ನಾನೇ ತಿದ್ದಿಕೊಳ್ಳುತ್ತೇನೆ. "ಬಲಿ", "ತ್ಯಾಗ", "ಹುತಾತ್ಮ" ಎಲ್ಲ ತೆಗೆಯಿರಿ. ಜೂನ್ 30 ಮತ್ತು ಜುಲೈ 6 ಸೇರಿಸಿ. ಕಾಲಿನ್ಸ್ ಅವರನ್ನು ಡಗ್‌ಔಟ್‌ನಲ್ಲಿ ಎಬ್ಬಿಸಿ ನಿಲ್ಲಿಸಿ, ಎಂಟು ಮತ್ತು ಒಂಬತ್ತನೇ ಇನ್ನಿಂಗ್ಸನ್ನು ಅವರ ಕಣ್ಣಿಂದ ಬರೆಯಿರಿ. ಉದ್ದ ಜಾಸ್ತಿ ಆದರೂ ಪರವಾಗಿಲ್ಲ, ಜಾಗ ಕೊಡುತ್ತೇನೆ. ಬೇಗ ಕಳಿಸಿ.