ತರಿತರಿಯಾದ ಪ್ರೈಮರ್ ಮೇಲೆ ಪೇಂಟ್ ಬೇಡ

ಮಡಿಕೇರಿಯ ಹೊಸ ಮನೆಯ ಹೊರಗೋಡೆಗೆ ಪ್ರೈಮರ್ (ಪೇಂಟ್‌ಗೆ ಮೊದಲು ಹೊಡೆಯುವ ತಳಪದರ) ಹೊಡೆಸಿದ ಮೇಲೆ ತರಿತರಿಯಾಗಿದೆ, ಕೆಲವು ಕಡೆ ಕೈಗೆ ಬಿಳಿ ಪುಡಿ ಅಂಟುತ್ತಿದೆ, ಹೀಗೇ ಪೇಂಟ್ ಹೊಡೆಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಪೇಂಟ್ ತರಿಯನ್ನು ಮುಚ್ಚುವುದಿಲ್ಲ, ಓರೆ ಬಿಸಿಲು ಬಿದ್ದಾಗ ಎದ್ದು ಕಾಣುತ್ತದೆ.

ತರಿ ಬರುವುದು ಹೆಚ್ಚಾಗಿ ಪ್ಲಾಸ್ಟರಿಂಗ್‌ನ ಸಡಿಲ ಮರಳಿನಿಂದ, ಇಲ್ಲವೇ ಡಬ್ಬದಲ್ಲಿ ಕಟ್ಟಿದ ಕೆನೆಯಿಂದ. ಒಂದು ಕಾಳನ್ನು ಉಗುರಿನಿಂದ ಕೆರೆದು ನೋಡಿ, ಮರಳಾದರೆ ಗೊತ್ತಾಗುತ್ತದೆ. ಎರಡಕ್ಕೂ 120 ನಂಬರಿನ ಸ್ಯಾಂಡ್ ಪೇಪರ್‌ನಿಂದ ಹಗುರವಾಗಿ ಉಜ್ಜಿಸಿ, ಧೂಳು ಒರೆಸಿ. ಉಳಿದ ಪ್ರೈಮರನ್ನು ತೆಳು ನೈಲಾನ್ ಬಟ್ಟೆಯಲ್ಲಿ ಸೋಸಿಯೇ ಬಳಸಿ.

ಪುಡಿ ಏಳುತ್ತಿರುವುದೇ ನನಗೆ ಜಾಸ್ತಿ ಚಿಂತೆ. ನೀರು ಹೆಚ್ಚು ಬೆರೆಸಿರಬಹುದು, ಇಲ್ಲವೇ ಗೋಡೆ ಹಸಿ ಇದ್ದಾಗಲೇ ಹೊಡೆದಿರಬಹುದು. ಅಲ್ಲಿ ಗಟ್ಟಿ ಪದರ ಸಿಗುವವರೆಗೆ ಕೆರೆಸಲೇಬೇಕು. ಹೊಸ ಪ್ಲಾಸ್ಟರಿಂಗ್ ಒಣಗಲು 28 ದಿನ ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮ ಕೊಡಗಿನ ಮಳೆ, ಮಂಜಿಗೆ ಅದು ಸಾಲುವುದಿಲ್ಲ, ಅಲ್ವಾ? ಒಂದು ತುಂಡು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮಾರನೇ ದಿನ ಒಳಗೆ ನೀರಿನ ಹನಿ ಕಂಡರೆ ಇನ್ನೂ ಕಾಯಿರಿ. ಮತ್ತೆ ಹೊಡೆಸುವಾಗ ಡಬ್ಬದ ಮೇಲೆ ಬರೆದಷ್ಟೇ ನೀರು, ಅದೂ ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ.