ಸ್ಕಾಲರ್‌ನಲ್ಲಿ 41, ಸ್ಕೋಪಸ್‌ನಲ್ಲಿ 33: ಯಾವ ಎಚ್-ಇಂಡೆಕ್ಸ್ ಸರಿ?

ಒಬ್ಬರೇ ಮಾಲಿಕ್ಯುಲರ್ ಬಯಾಲಜಿಸ್ಟ್‌ಗೆ ಎಚ್-ಇಂಡೆಕ್ಸ್ (ಪೇಪರ್‌ಗಳು ಎಷ್ಟು ಉಲ್ಲೇಖವಾಗಿವೆ ಅಂತ ಅಳೆಯುವ ಅಂಕಿ) ಗೂಗಲ್ ಸ್ಕಾಲರ್‌ನಲ್ಲಿ 41, ಸ್ಕೋಪಸ್‌ನಲ್ಲಿ 33 ತೋರಿಸುತ್ತಿದೆ, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಇವೆರಡೂ ಸಂಶೋಧನಾ ಪೇಪರ್‌ಗಳನ್ನೂ ಅವಕ್ಕೆ ಬಂದ ಉಲ್ಲೇಖಗಳನ್ನೂ ಪಟ್ಟಿಮಾಡುವ ತಾಣಗಳು. ಎರಡು ಅಂಕಿಯೂ ಸರಿಯೇ. ಎಣಿಸುವ ರಾಶಿ ಬೇರೆ, ಅಷ್ಟೇ. ಸ್ಕಾಲರ್ ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮುಂಚೆಯೇ ಹಂಚಿದ ಪೇಪರ್), ಪಿಎಚ್‌ಡಿ ಪ್ರಬಂಧಗಳಲ್ಲಿ ಬಂದ ಉಲ್ಲೇಖಗಳನ್ನೂ ಬಾಚಿಕೊಳ್ಳುತ್ತದೆ. ಸ್ಕೋಪಸ್ ಹೆಚ್ಚಾಗಿ ತಾನು ಆರಿಸಿದ ಜರ್ನಲ್‌ಗಳನ್ನೇ ನೋಡುತ್ತದೆ. 33 ಅಂದರೆ ಕನಿಷ್ಠ 33 ಸಲ ಉಲ್ಲೇಖವಾದ ಪೇಪರ್‌ಗಳು 33 ಇವೆ ಅಂತ. ಈ ಲೆಕ್ಕ 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಕೊಟ್ಟಿದ್ದು.

ನಾನಾದರೆ ಆ ಅಂಕಿ ಬಿಟ್ಟು ಪೇಪರ್ ಪಟ್ಟಿ ತೆರೆಯುತ್ತೇನೆ. ಮೇಲಿರುವವು ಹೊಸ ಸಂಶೋಧನೆಯೋ, ಇದ್ದ ಸಂಶೋಧನೆಗಳನ್ನು ಒಟ್ಟುಗೂಡಿಸಿ ಹೇಳುವ ರಿವ್ಯೂ ಲೇಖನಗಳೋ, ಸುಮ್ನೆ ಎಲ್ಲರೂ ಬಳಸುವ ವಿಧಾನವೋ? ಪ್ರೋಟೀನ್ ಅಳೆಯುವ ಬಗ್ಗೆ 1951ರಲ್ಲಿ ಲೌರಿ ತಂಡ ಬರೆದ ಪೇಪರ್‌ಗೆ 3 ಲಕ್ಷಕ್ಕೂ ಜಾಸ್ತಿ ಉಲ್ಲೇಖ ಬಂದಿದೆ. ಡಿಎನ್‌ಎ ರಚನೆ ತಿಳಿಸಿದ 1953ರ ಪೇಪರ್ ಅದರ ಹತ್ತಿರಕ್ಕೂ ಬರುವುದಿಲ್ಲ! ಹಾಗಂತ ಲೌರಿಯದು ದೊಡ್ಡದು ಅನ್ನೋಕಾಗಲ್ಲ ಅಲ್ವಾ?

ಹೆಸರು ಎಲ್ಲಿದೆ ಅಂತಲೂ ನೋಡಿ. ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗ ಮಾಡಿದವರದು, ಕೊನೆಯದು ಲ್ಯಾಬ್ ಮುಖ್ಯಸ್ಥರದು. ನೂರಾರು ಲೇಖಕರಿರುವ ಜೀನೋಮ್ ಪೇಪರ್‌ನ ನಡುವೆ ಎಲ್ಲೋ ಹೆಸರಿದ್ದರೂ ಉಲ್ಲೇಖ ಪೂರ್ತಿ ಖಾತೆಗೆ ಬೀಳುತ್ತದೆ. ಸ್ಕೋಪಸ್‌ನಲ್ಲಿ ಸ್ವಂತ ಉಲ್ಲೇಖ (ತಮ್ಮ ಪೇಪರ್ ತಾವೇ ಉಲ್ಲೇಖಿಸಿದ್ದು) ತೆಗೆದು ನೋಡುವ ಆಯ್ಕೆಯಿದೆ, ಅದನ್ನೂ ಒತ್ತಿ ನೋಡಿ.